ಅವಳೂ ನಕ್ಕಿದ್ದಳು

ತಟ್ಟೆಯ ಅಂಚಿಗೆ ಒತ್ತಿ ಸವರಿದ್ದ ಇಡ್ಲಿಯನ್ನು ಕಂಡಾಗ ಕಾಂತಪ್ಪನಿಗೆ ಮೊದಲು ಬಂದದ್ದು ಅಪ್ಪನ ಆತಂಕವಲ್ಲ, ಹೋಟೆಲಿನವನ ಸಿಟ್ಟು. ಹಿಟ್ಟು ಹುಳಿ ಏರಿತ್ತೇ, ಹೊಸ ಚೀಲದ ಉದ್ದು ಕೈಕೊಟ್ಟಿತೇ ಎಂದು ಯೋಚಿಸುತ್ತ ಅವನು ಅಡುಗೆಮನೆಯ ಸಿಂಕಿನ ಮುಂದೆ ಬಗ್ಗಿ ನಿಂತ. ಭಾನುವಾರದ ಬೆಳಿಗ್ಗೆ. ಸಯನ್‌ನ ತನ್ನ ಹೋಟೆಲಿನಿಂದ ಎರಡು ಗಲ್ಲಿ ಆಚೆಯ ಮನೆಗೆ ಮಗಳಿಗೆಂದು ಅವನೇ ಪಾರ್ಸೆಲ್ ಹಿಡಿದು ಬಂದಿದ್ದ. ಸ್ನಾನ ಮುಗಿಸಿ ಬರುವಷ್ಟರಲ್ಲಿ ತಿಂಡಿ ಮುಗಿದು ತಟ್ಟೆ ಸಿಂಕಿಗೆ ಬಿದ್ದಿತ್ತು. ಬೇರೆ ಯಾರೇ ನೋಡಿದರೂ ಉಂಡು ಬಿಟ್ಟ ತಟ್ಟೆ ಎನ್ನುತ್ತಿದ್ದರು. ಆದರೆ ಕಾಂತಪ್ಪ ಹತ್ತಿರ ಹತ್ತಿರ ಮೂವತ್ತು ವರ್ಷಗಳಿಂದ ಹೋಟೆಲ್ ಸುಪ್ರಸಾದದಲ್ಲಿ ದಿನವೂ ಸ್ವಲ್ಪ ಹೊತ್ತು ಪಾತ್ರೆ ತೊಳೆಯುವಲ್ಲಿ ನಿಂತು ಗಿರಾಕಿಗಳ ಎಂಜಲು ತಟ್ಟೆಗಳನ್ನು ಓದುತ್ತ ಬಂದವನು. ನುಗ್ಗೆಕಾಯಿ ಅಗಿದು ಉಳಿಸಿದರೆ ಸಾಂಬಾರು ಸರಿಯಾಗಿದೆ. ದೋಸೆಯ ನಡು ತಿಂದು ಅಂಚು ಬಿಟ್ಟರೆ ಕಾವಲಿಯ ಬಿಸಿ ಒಂದೇ ಸಮ ಇಲ್ಲ. ನಿಜವಾಗಿ ಹೊಟ್ಟೆ ತುಂಬಿದವನು ಉಳಿದದ್ದನ್ನು ನಡುವೆ ರಾಶಿ ಹಾಕಿ, ಯಾವ ನಾಚಿಕೆಯೂ ಇಲ್ಲದೆ ಎದ್ದು ಹೋಗುತ್ತಾನೆ. ರುಚಿಸದವನು ಮಾತ್ರ ತಿಂದಂತೆ ಕಾಣಲೆಂದು ಇಡ್ಲಿಯನ್ನು ಹಿಚುಕಿ, ಚಟ್ನಿಯಲ್ಲಿ ಕಲಸಿ, ತಟ್ಟೆಯ ಸುತ್ತ ತೆಳ್ಳಗೆ ಬಣ್ಣ ಬಳಿದ ಹಾಗೆ ಬಳಿಯುತ್ತಾನೆ. ಅಂಥವನೇ ದುಡ್ಡು ಕೊಡಲು ಗಲ್ಲೆಯ ಹತ್ತಿರ ಬಂದು 'ಸೂಪರ್ ಇತ್ತು' ಎನ್ನುವುದು. ಅಂಥವನು ಮತ್ತೆ ಬರುವುದಿಲ್ಲ.

'ತಿಂಡಿ ಆಯ್ತಾ ಮಗಾ?' ಎಂದು ಕೇಳಿದ.

'ಆಯ್ತು ಪಪ್ಪಾ. ಮಸ್ತ್ ಇತ್ತು,' ಎಂದಳು ವಿಜೇತಾ, ಮೊಬೈಲಿನಿಂದ ಕಣ್ಣೆತ್ತದೆ. ಹದಿನಾರು ವರ್ಷ; ಬಾಂದ್ರಾದ ಕಾಲೇಜಿನಲ್ಲಿ ಹನ್ನೊಂದನೆಯ ತರಗತಿ. ಹೊರಗೆ ಬೆವರು ಇಳಿಯುವ ಸೆಕೆ ಇದ್ದರೂ ಅವಳು ಮಂಡಿಯವರೆಗೆ ಬರುವ, ಯಾರೋ ದಪ್ಪ ಗಂಡಸಿನದೆಂಬಂತಿದ್ದ ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದಳು. ತೋಳಿನ ತುದಿಯಿಂದ ಬೆರಳುಗಳಷ್ಟೇ ಹೊರಗೆ ಕಾಣುತ್ತಿದ್ದವು. ಮಸ್ತ್ ಇತ್ತು. ಕಾಂತಪ್ಪ ಬಾಯಿ ತೆರೆದ, ಮುಚ್ಚಿದ. ಗಿರಾಕಿಗೆ ಹೇಗೆ ಎದುರಾಡುವುದಿಲ್ಲವೋ ಹಾಗೆ.

'ನೀವು ಎಂತ ಸಿಂಕಿನೊಳಗೆ ಇಣುಕುದು? ಅಲ್ಲಿಯೂ ತಟ್ಟೆ, ಇಲ್ಲಿಯೂ ತಟ್ಟೆ,' ಎಂದು ಹೆಂಡತಿ ಶೀಲಾವತಿ ಬಂದವಳು ತಾನೂ ಇಣುಕಿದಳು. ಆಮೇಲೆ ದನಿ ಇಳಿಸಿ, 'ಅವಳ ಚೂಡಿದಾರ್ ಪುನಃ ಸಣ್ಣ ಮಾಡ್ಲಿಕ್ಕೆ ಟೈಲರಿಗೆ ಕೊಟ್ಟದ್ದು. ಇನ್ನು ಹಿಡಿಸ್ಲಿಕ್ಕೆ ಬಟ್ಟೆಯೇ ಇಲ್ಲ ಅಂತ ಹೇಳಿದ ಅವ. ಒಮ್ಮೆ ಡಾಕ್ಟ್ರಿಗೆ ತೋರಿಸುವ ಮಾರಾಯ್ರೆ,' ಎಂದಳು.

'ಡಾಕ್ಟ್ರೇ ಬರ್ತಾರಲ್ಲ ಇವತ್ತು ಬಳಗದ ಸಭೆಗೆ. ಒಟ್ಟಿಗೇ ಕೇಳುವ,' ಎಂದ ಕಾಂತಪ್ಪ. ಹೇಳಿದ ಮೇಲೆ ಆ ಮಾತು ತನಗೇ ಜಾಣತನದ್ದೆಂದು ಕಂಡು ಸ್ವಲ್ಪ ಸಮಾಧಾನವಾಯಿತು. ಎರಡು ವಾರದ ಹಿಂದೆ ಬಾಂದ್ರಾದಿಂದ ಬರುವಾಗ ವಿಜೇತಾ ಬಸ್ಸಿನಲ್ಲೇ ಕಣ್ಣು ಕತ್ತಲೆ ಬಂದು ಕುಸಿದಿದ್ದಳು. ಯಾರೋ ಹೆಂಗಸು ಸೀಟು ಬಿಟ್ಟು ನೀರು ಕುಡಿಸಿ ಮನೆಗೆ ಫೋನು ಮಾಡಿದ್ದಳು. ಆಗಲೂ ಕಾಂತಪ್ಪನ ಬಳಿ ಕಾರಣ ಸಿದ್ಧವಿತ್ತು: ಸಯನ್ ಸ್ಟೇಷನ್ನಿನ ಸೇತುವೆ ಒಡೆಯಲು ಮುಚ್ಚಿದ್ದಾರೆ, ಬಸ್ಸು ಊರೆಲ್ಲ ಸುತ್ತಿ ಬರುತ್ತದೆ, ಧಾರಾವಿಯ ಟ್ರಾಫಿಕ್ಕಿನಲ್ಲಿ ಯಾರಿಗಾದರೂ ತಲೆ ತಿರುಗುತ್ತದೆ. ಗಲ್ಲೆಯ ಎದುರು ನಿಂತ ಪ್ರತಿ ಗಿರಾಕಿಗೂ ಅವನು ಸೇತುವೆಯ ವಿಷಯ ಹೇಳಿದ. ಎಲ್ಲರೂ ಒಪ್ಪಿದರು. ಒಂದು ವಾರ ಇಡೀ ಸುಪ್ರಸಾದ ಹೋಟೆಲು ಸೇತುವೆಯನ್ನು ಬೈಯಿತು. ಸೇತುವೆಯ ಮೇಲೆ ಓಡಾಡುತ್ತಿದ್ದ ಉಳಿದ ಸಾವಿರಾರು ಹುಡುಗಿಯರು ಬಸ್ಸಿನಲ್ಲಿ ಕುಸಿಯಲಿಲ್ಲ ಎಂಬುದನ್ನು ಯಾವ ಗಿರಾಕಿಯೂ ಎತ್ತಲಿಲ್ಲ. ಅವರಿಗೆ ಕಾಫಿ ಬೇಕಿತ್ತು.

ಹೋಟೆಲಿಗೆ ನಡೆಯುತ್ತ, ಮೆಡಿಕಲ್ ಶಾಪಿನ ತೂಕದ ಯಂತ್ರದ ಮುಂದೆ ಹಾಯುವಾಗ, ಅವನಿಗೆ ಬೇಡವೆಂದರೂ ಆ ಸಂಜೆ ನೆನಪಾಯಿತು. ಹೋಟೆಲಿನ ಬೆಳ್ಳಿಹಬ್ಬ. ಗೊಂಡೆಹೂವಿನ ಹಾರ, ಬಾಡಿಗೆ ಮೈಕು, ಹಳೆಯ ಗಿರಾಕಿಗಳು, ಊರಿನವರು. ಆಗ ವಿಜೇತಾ ಎಂಟನೆಯ ತರಗತಿ. ಗುಂಡಗೆ, ಕೆನ್ನೆ ತುಂಬಿ, ಹಸಿರು ರೇಷ್ಮೆ ಲಂಗದಲ್ಲಿ ಗಲ್ಲೆಯ ಪಕ್ಕ ನಿಂತಿದ್ದಳು. ಕಾಂತಪ್ಪನಿಗೆ ಭಾಷಣ ಬಾರದು, ತಮಾಷೆ ಬರುತ್ತದೆ. ತಮಾಷೆಯಿಂದಲೇ ಈ ಹೋಟೆಲು ನಿಂತದ್ದೆಂದು ಅವನ ನಂಬಿಕೆ: ಚಹಾ ತಡವಾದರೆ ತಮಾಷೆ, ಜಿರಲೆ ಕಂಡರೆ ಎರಡು ತಮಾಷೆ. 'ನಮ್ಮ ಅಡುಗೆಗೆ ಸರ್ಟಿಫಿಕೇಟ್ ಬೇಕಾ? ಹೊರಗೆ ಬೋರ್ಡು ಯಾಕೆ, ಇಲ್ಲೇ ಉಂಟಲ್ಲ ಬೋರ್ಡು!' ಎಂದು ಮೈಕಿನಲ್ಲಿ ಹೇಳಿ ಮಗಳ ಹೆಗಲ ಮೇಲೆ ಕೈಯಿಟ್ಟ. ಜನರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಎಷ್ಟೋ ತಿಂಗಳು ಗಿರಾಕಿಗಳು 'ಬೋರ್ಡು ಎಲ್ಲಿ ಕಾಂತಪ್ಪಣ್ಣ, ಕಾಣುವುದಿಲ್ಲ?' ಎಂದು ಕೇಳುತ್ತಿದ್ದರು. ಒಂದು ದಿನದಿಂದ ಅವಳು ಶಾಲೆಯಿಂದ ನೇರ ಮನೆಗೆ ಹೋಗತೊಡಗಿದಳು, ಹೋಟೆಲಿಗೆ ಬರಲಿಲ್ಲ. ಓದು ಜಾಸ್ತಿ ಎಂದುಕೊಂಡ. ಆದರೆ ಇದರಲ್ಲಿ ತಪ್ಪು ಹುಡುಕುವವರಿಗೆ ಅವನ ಬಳಿ ಗಟ್ಟಿಯಾದ ಸಾಕ್ಷಿ ಇತ್ತು. ಅವಳೂ ನಕ್ಕಿದ್ದಳು. ವಿಡಿಯೋ ಇದೆ. ಬೇಕಾದರೆ ತೋರಿಸಬಹುದು. ಯಾರೂ ಕೇಳಿರಲಿಲ್ಲ, ಆದರೂ ಅವನು ಆಗಾಗ ಅದನ್ನು ತೆಗೆದು ತಾನೇ ನೋಡಿಕೊಳ್ಳುತ್ತಿದ್ದ.

ಹೋಟೆಲಿನಲ್ಲಿ ಭಾನುವಾರದ ಹುಡುಗ ಹುಡುಗಿಯರು ತುಂಬಿದ್ದರು. ಕಾಂತಪ್ಪನಿಗೆ ಸಯನ್‌ನ ಅರ್ಧ ಮಕ್ಕಳ ಹೊಟ್ಟೆಯ ಜಾತಕ ಗೊತ್ತು. ನಾಲ್ವರು ಹುಡುಗಿಯರು ಸೇರಿ ಒಂದು ದೋಸೆ ತರಿಸಿ, ಅದರ ಫೋಟೋ ನಾಲ್ಕು ಕಡೆಯಿಂದ ತೆಗೆದು, ಅದು ತಣ್ಣಗಾಗಿ ಚರ್ಮದ ಹಾಗಾದ ಮೇಲೆ ತುದಿ ಮುರಿಯುತ್ತಾರೆ. ಅವರಲ್ಲಿ ಯಾರು ಮೊದಲು ಮುರಿಯುವುದೆಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬಳು ಕೈಹಾಕಿದರೆ ಉಳಿದವರೂ ಹಾಕುತ್ತಾರೆ, ಒಬ್ಬಳು ಬೇಡವೆಂದರೆ ಎಲ್ಲರಿಗೂ ಹಸಿವಿಲ್ಲ. ಜಿಮ್ಮಿನಿಂದ ನೇರ ಬರುವ ಹುಡುಗರು ಸಾಂಬಾರಿನಲ್ಲಿ ಪ್ರೋಟೀನ್ ಎಷ್ಟು ಅಂಕಲ್ ಎಂದು ಕೇಳುತ್ತಾರೆ. 'ಬೇಳೆ ಎಷ್ಟುಂಟೋ ಅಷ್ಟು' ಎಂದು ಅವನು ಹಾರಿಸಿಬಿಡುತ್ತಿದ್ದ. ಆಮೇಲೆ ಮೆನುವಿನಲ್ಲಿ 'ಹೈ ಪ್ರೋಟೀನ್ ಸಾಂಬಾರ್' ಎಂದು ಅಚ್ಚು ಹಾಕಿಸಿದ. ಸಾಂಬಾರು ಅದೇ, ಹಂಡೆ ಅದೇ, ಬಟ್ಟಲು ಮಾತ್ರ ಮಣ್ಣಿನದು. ಹುಡುಗರು ಎರಡೆರಡು ಬಟ್ಟಲು ಕುಡಿದು ತೋಳು ಮುಟ್ಟಿ ನೋಡಿಕೊಂಡರು. ಶೆಜ್ವಾನ್ ಚೀಸ್ ದೋಸೆ, ಸಿರಿಧಾನ್ಯದ ಉಪ್ಪಿಟ್ಟಿಗೆ 'ಮಿಲೆಟ್ ಬೌಲ್' ಎಂಬ ನಾಮಕರಣ, ಎಲ್ಲ ಅವನದೇ ಬುದ್ಧಿ. ಮಕ್ಕಳಿಗೆ ಹಸಿವೆಯಿಂದ ಊಟ ಇಳಿಯುವುದಿಲ್ಲ, ಪಕ್ಕದವರ ಕಣ್ಣಿನಿಂದ ಇಳಿಯುತ್ತದೆ ಎಂಬುದನ್ನು ಅವನು ಯಾವ ಡಾಕ್ಟರಿಗಿಂತಲೂ ಮೊದಲು ಕಂಡುಕೊಂಡಿದ್ದ, ಅದನ್ನು ಮಾರಿಯೂ ಇದ್ದ. ವಿಜೇತಾ ಒಂಬತ್ತನೆಯಲ್ಲಿದ್ದಾಗ ಡಬ್ಬಿಯ ವಾಸನೆಗೆ ಶಾಲೆಯಲ್ಲಿ ಅವಳನ್ನು 'ಏ ಸಾಂಬಾರ್' ಎಂದು ಕರೆಯುತ್ತಾರೆಂದು ಅತ್ತುಕೊಂಡು ಬಂದಿದ್ದಳು. 'ನಾಳೆಯಿಂದ ಕಾಫಿ ತಗೊಂಡು ಹೋಗು, ಫಿಲ್ಟರ್ ಅಂತ ಕರೀತಾರೆ, ಸ್ಟೈಲ್ ಆಗ್ತದೆ,' ಎಂದಿದ್ದ ಕಾಂತಪ್ಪ. ಅದೂ ಒಳ್ಳೆಯ ತಮಾಷೆಯೇ. ಆಗಲೂ ಅವಳು, ಅಳು ನಿಲ್ಲಿಸಿ, ನಕ್ಕಿದ್ದಳಲ್ಲ.

ಸಭೆಗೆ ಹೊರಡುವ ಮುನ್ನ ಅವನು ಹಿಂದಕ್ಕೆ ಹೋಗಿ ತಿಂಡಿ ಮುಗಿಸಿದ. ಅಡುಗೆಮನೆಗೂ ಗ್ಯಾಸ್ ಸಿಲಿಂಡರುಗಳ ಗೂಡಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಅಲ್ಲಿ ಗೋಡೆಗೆ ಮುಖ ಮಾಡಿ, ತಟ್ಟೆಯನ್ನು ಎದೆಯ ಹತ್ತಿರ ಹಿಡಿದು, ಬೇಗ ಬೇಗ. ಅವನನ್ನು ಮೊದಲು ಕೆಲಸಕ್ಕಿಟ್ಟುಕೊಂಡ ಯಜಮಾನ ಕಲಿಸಿದ ಶಿಸ್ತು ಅದು: ಹೋಟೆಲಿನವನು ತಿನ್ನುವುದನ್ನು ಗಿರಾಕಿ ನೋಡಬಾರದು; ನೋಡಿದರೆ ತನ್ನ ತಟ್ಟೆಗಿಂತ ಅವನ ತಟ್ಟೆಗೆ ಒಳ್ಳೆಯದು ಬಿದ್ದಿದೆ ಎಂದುಕೊಳ್ಳುತ್ತಾನೆ. ಆ ಯಜಮಾನ ಸತ್ತು ಎಷ್ಟೋ ಕಾಲವಾಯಿತು. ಶಿಸ್ತು ಮಾತ್ರ ಕಾಂತಪ್ಪನ ಕುತ್ತಿಗೆಯಲ್ಲಿ ಉಳಿಯಿತು. ಮದುವೆಮನೆಗಳಲ್ಲಿ ಅವನು ಎಲೆಯ ಮುಂದೆ ಕೂರುವುದಿಲ್ಲ. ಬಡಿಸುವವರ ಹಿಂದೆ ಓಡಾಡಿ 'ಅಲ್ಲಿಗೆ ಸಾರು, ಇಲ್ಲಿಗೆ ಅನ್ನ' ಎನ್ನುತ್ತಾನೆ. ಜನ ಅದನ್ನು ವಿನಯ ಎಂದು ಹೊಗಳುತ್ತಾರೆ. ಮನೆಯಲ್ಲೂ ಎಲ್ಲರದಾದ ಮೇಲೆ, ಒಲೆಯ ಕಡೆ ತಿರುಗಿ, ನಿಂತೇ. ಶೀಲಾವತಿ ಮದುವೆಯಾದ ಹೊಸದರಲ್ಲಿ ಒಂದು ಸಲ ಎದುರು ಬಂದು ನಿಂತಾಗ ತುತ್ತು ಗಂಟಲಲ್ಲಿ ಸಿಕ್ಕಿ ಕೆಮ್ಮಿ ಕಣ್ಣೀರು ಬಂದಿತ್ತು. ಆಮೇಲೆ ಅವಳು ಎದುರು ಬರುವುದನ್ನು ಬಿಟ್ಟಳು. ಇದೊಂದು ಅಭ್ಯಾಸ, ಅಷ್ಟೇ. ಅಭ್ಯಾಸಗಳ ಬಗ್ಗೆ ಸಭೆ ನಡೆಯುವುದು ಹದಿಹರೆಯದವರಿಗೆ ಮಾತ್ರ.

ಕನ್ನಡಿಗರ ಸಂಘವಾದ ನೇತ್ರಾವತಿ ಬಳಗದ ಸಭಾಂಗಣದ ಬಾಗಿಲಲ್ಲಿ ಕಾರ್ಯದರ್ಶಿ ಅನಿಲಕುಮಾರ ಕಾದಿದ್ದರು. ವಿಜಯಪುರದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ನಿವೃತ್ತಿಯಾದಾಗಿನಿಂದ ವಿಚಾರ ಸಂಕಿರಣಗಳನ್ನು ಬಿಟ್ಟರೆ ಅವರಿಗೆ ಬೇರೆ ಚಟವಿಲ್ಲ. 'ಬರ್‍ರಿ ಅಧ್ಯಕ್ಷರ! ಮಗಳನ್ನ ಕರಕೊಂಡ್ ಬಂದ್ರಿಲ್ಲೋ? ಒಂದ್ ಐದಾರ್ ಹುಡುಗ್ರರ ಬೇಕಾಗೇದ್ರಿ, ಇಲ್ಲಾಂದ್ರ ಪೇಪರ್ನಾವ್ರು ಏನ್ ಬರೀತಾರ?' ಎಂದರು. ಹೌದು, 'ಹದಿಹರೆಯದವರ ಆಹಾರ ಅಭ್ಯಾಸ: ಮಾನಸಿಕ ಮತ್ತು ಸಾಮಾಜಿಕ ಕಾರಣಗಳು' ಎಂಬ ಸಭೆಯಲ್ಲಿ ಕೂತವರ ಸರಾಸರಿ ವಯಸ್ಸು ಅರವತ್ತಕ್ಕೆ ಕಡಿಮೆಯಿರಲಿಲ್ಲ. ಅರ್ಧ ಜನ ಸಕ್ಕರೆ ಕಾಯಿಲೆಯವರು; ಮಧ್ಯಾಹ್ನ ಜಿಲೇಬಿ ಇದೆಯೆಂದು ತಿಳಿದು ಮಾತ್ರೆ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಹಿಡಿದು ತಂದ ನಾಲ್ಕೈದು ಮಕ್ಕಳನ್ನು ಮುಂದಿನ ಸಾಲಿನಲ್ಲಿ, ಪ್ರದರ್ಶನಕ್ಕಿಟ್ಟ ಹಾಗೆ, ಕೂರಿಸಲಾಗಿತ್ತು. ಶೀಲಾವತಿಯ ಜೊತೆ ಬಂದ ವಿಜೇತಾ ಆ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಳು. ವೇದಿಕೆಯ ಮೇಲಿನಿಂದ ನೋಡಿದಾಗ ಕಾಂತಪ್ಪನಿಗೆ ಒಂದು ಕ್ಷಣ ಗುರುತು ಸಿಗಲಿಲ್ಲ. ಕುರ್ಚಿಯ ಮೇಲೆ ಯಾರೋ ಅಂಗಿ ಬಿಟ್ಟು ಹೋಗಿದ್ದಾರೆ ಅನ್ನಿಸಿತು.

ಬಾಂದ್ರಾದಿಂದ ಬಂದಿದ್ದ ಮನಃಶಾಸ್ತ್ರಜ್ಞೆ ಡಾಕ್ಟರ್ ಹರಿಣಿ ಪರದೆಯ ಮೇಲೆ ಚಿತ್ರಗಳನ್ನು ಓಡಿಸುತ್ತ ಅಚ್ಚುಕಟ್ಟಾಗಿ ಮಾತಾಡಿದರು. ಮಾನಸಿಕ ಕಾರಣಗಳು ಇಷ್ಟು, ಸಾಮಾಜಿಕ ಕಾರಣಗಳು ಇಷ್ಟು. ಒತ್ತಡ, ಆತಂಕ, ಕನ್ನಡಿಯ ಜೊತೆಗಿನ ಜಗಳ, ಗೆಳೆಯರು, ಜಾಹೀರಾತು, ಮೊಬೈಲು. ಕಾಂತಪ್ಪನಿಗೆ ಅದು ಮೆನು ಓದಿದ ಹಾಗೆ ಕೇಳಿಸಿತು. ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು. ಅವನು ಮೊಬೈಲನ್ನು ಆರಿಸಿದ. ಪಕ್ಕದಲ್ಲಿದ್ದವರೂ ಮೊಬೈಲನ್ನೇ ಆರಿಸಿದಂತೆ ಕಂಡಿತು, ಜೋರಾಗಿ ತಲೆಯಾಡಿಸುತ್ತಿದ್ದರು. ಕರಿದ ತಿಂಡಿಯ ಅಪಾಯದ ಚಿತ್ರ ಬಂದಾಗ ಸಭಾಂಗಣದ ಹಿಂದಿನಿಂದ ಗೋಳಿಬಜೆ ಕರಿಯುವ ವಾಸನೆ ಬಂತು. ಅದು ಅವನದೇ ಹೋಟೆಲಿನ ಪ್ರಾಯೋಜಕತ್ವ. ಪರದೆಯ ಕೆಳತುದಿಗೆ 'ಭೋಜನ ವ್ಯವಸ್ಥೆ: ಹೋಟೆಲ್ ಸುಪ್ರಸಾದ' ಎಂಬ ಬ್ಯಾನರ್ ಕಟ್ಟಿದ್ದರಿಂದ ಪ್ರತಿ ಪಟ್ಟಿಯ ಕೊನೆಯ ಸಾಲು ಅದರ ಹಿಂದೆ ಹೋಗುತ್ತಿತ್ತು. 'ಇದು ಕಾಣಿಸ್ತಾ ಇಲ್ಲ, ಆದರೆ ಬಹಳ ಮುಖ್ಯ,' ಎಂದರು ಹರಿಣಿ. 'ಮನೆಯವರ ಲೇವಡಿ. ನಾವು ಪ್ರೀತಿಯಿಂದ ಗುಂಡು, ಡುಮ್ಮಿ ಅಂತೀವಿ. ಮಗು ಜೊತೆಗೆ ನಗುತ್ತೆ. ಆ ನಗುವನ್ನ ನಾವು ಒಪ್ಪಿಗೆ ಅಂತ...' ಅಷ್ಟರಲ್ಲಿ ಅನಿಲಕುಮಾರ ಗಡಿಯಾರ ತೋರಿಸಿ, ಒಳಗೆ ಪೂರಿ ಆರುತ್ತಿದೆಯೆಂದು ಕೈಸನ್ನೆ ಮಾಡಿದರು. ಹರಿಣಿ ಮುಂದಿನ ಚಿತ್ರಕ್ಕೆ ಹೋದರು. ಅದು ಧನ್ಯವಾದದ ಚಿತ್ರ. ಕಾಂತಪ್ಪ ಬ್ಯಾನರನ್ನೇ ನೋಡುತ್ತ ಕೂತ. ತನ್ನ ಹೋಟೆಲಿನ ಹೆಸರು ಅಲ್ಲಿ ತುಂಬ ದೊಡ್ಡದಾಗಿ ಕಾಣುತ್ತಿತ್ತು. ಜೊತೆಗೆ ನಗುತ್ತೆ. ಬೇರೆ ಮಕ್ಕಳು ಹಾಗೆ ನಗುತ್ತಿರಬಹುದು. ಅವನ ಕೈ ತಾನಾಗಿ ಜೇಬಿನ ಮೊಬೈಲನ್ನು, ಆ ವಿಡಿಯೋ ಇದ್ದ ಜಾಗವನ್ನು, ಮುಟ್ಟಿತು.

'ಈಗ ಅಧ್ಯಕ್ಷೀಯ ನುಡಿ' ಎಂದಾಗ ಎದ್ದು, ಅನಿಲಕುಮಾರ ಬರೆದುಕೊಟ್ಟಿದ್ದ ಹಾಳೆ ಬಿಡಿಸಿದ. 'ಆಧುನಿಕತೆಯ ಧಾವಂತದಲ್ಲಿ ಸಿಲುಕಿದ ಇಂದಿನ ಯುವಪೀಳಿಗೆಯು...' ಎಂದು ಓದತೊಡಗಿದ. ಎರಡನೆಯ ವಾಕ್ಯಕ್ಕೆ ಕುರ್ಚಿಗಳು ಕಿರುಗುಟ್ಟಿದವು. ಮೂರನೆಯದಕ್ಕೆ ಹಿಂದಿನ ಸಾಲಿನ ಒಬ್ಬರು ಎದ್ದು ಊಟದ ಕಡೆ ನಡೆದರು. ಗಿರಾಕಿ ಎದ್ದು ಹೋಗುವುದು ಕಾಂತಪ್ಪನಿಗೆ ಸಹಿಸಲಾಗದ ನೋಟ. ಹಾಳೆ ಮಡಚಿ, 'ನನಗೆ ಇದೆಲ್ಲ ಓದ್ಲಿಕ್ಕೆ ಬರುದಿಲ್ಲ ಮಾರಾಯ್ರೆ, ಬಿಲ್ ಓದ್ಲಿಕ್ಕೆ ಮಾತ್ರ ಬರುದು,' ಎಂದ. ನಗೆ ಬಂತು. ಹೋದವರು ತಿರುಗಿ ಬಂದರು. ನಗೆ ಬಂದ ಮೇಲೆ ಅದರ ಹಿಂದೆ ಇನ್ನೊಂದನ್ನು ಹಾಕದೆ ಬಿಡುವುದು ಅವನಿಂದ ಆಗುವುದಿಲ್ಲ. ಅವನ ಕಣ್ಣು ಸಭೆಯ ಮೇಲೆ ಹಾಯುತ್ತ, ಮುಂದಿನ ತಮಾಷೆಗೆ ಸಾಮಾನು ಹುಡುಕುತ್ತ, ಸಾಲಿನ ಕೊನೆಯ ಕುರ್ಚಿಯ ಮೇಲೆ ನಿಂತಿತು. ಬೇಡ ಎಂದು ಒಳಗೊಂದು ದನಿ ಹೇಳಿತು ನಿಜ. ಆದರೆ ನಾಲಿಗೆ ಆಗಲೇ ಹೊರಟಾಗಿತ್ತು. 'ಡಾಕ್ಟ್ರು ಎಂತೆಂತದೋ ಹೇಳಿದ್ರು. ನನ್ನ ಕಷ್ಟ ಕೇಳಿ. ಮೊದಲು ನನ್ನ ಮಗಳು ಹೋಟೆಲಿನ ಬೋರ್ಡು ಆಗಿದ್ಳು. ನಿಮಗೆಲ್ಲ ನೆನಪುಂಟು. ಈಗ ನೋಡಿ, ಅಲ್ಲೇ ಕೂತಿದ್ದಾಳೆ, ಕಂಡ್ರೆ! ಗಿರಾಕಿಗಳು ಕೇಳ್ತಾರೆ, ಕಾಂತಪ್ಪಣ್ಣ, ಸ್ವಂತ ಮಗಳಿಗೇ ಇಳಿಯದ ಊಟ ನಮಗೆ ಹಾಕ್ತೀರಲ್ಲ, ಇದು ನ್ಯಾಯವಾ ಅಂತ!'

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅನಿಲಕುಮಾರ ಮೇಜು ಗುದ್ದಿದರು. ಎಲ್ಲ ತಲೆಗಳೂ ಕೊನೆಯ ಕುರ್ಚಿಯ ಕಡೆ ತಿರುಗಿದವು. ವಿಜೇತಾ ನಕ್ಕಳು. ಈ ಸಲ ಕಾಂತಪ್ಪ ಎತ್ತರದಲ್ಲಿದ್ದ, ಬೆಳಕು ಅವಳ ಮುಖದ ಮೇಲಿತ್ತು, ಅವನ ಕೈ ಅವಳ ಹೆಗಲ ಮೇಲೆ ಇರಲಿಲ್ಲ. ನಗು ಹೇಗೆ ಬಂತೆಂಬುದು ಮೊದಲಿನಿಂದ ಕೊನೆಯವರೆಗೆ ಕಂಡಿತು. ಉಳಿದವರ ನಗೆ ಶುರುವಾದ ಮೇಲೆ, ತುಸು ತಡವಾಗಿ, ಮೊದಲು ತುಟಿ ಅಗಲವಾಯಿತು. ಆಮೇಲೆ ಕಣ್ಣು ಅತ್ತಿತ್ತ ಹೋಗಿ ಎಷ್ಟು ನಗಬೇಕೆಂದು ಅಳೆದು ಬಂತು. ಆಮೇಲೆ ಹಲ್ಲು. ಕೆನ್ನೆ ಎಲ್ಲೂ ಅಲ್ಲಾಡಲಿಲ್ಲ. ಈ ನಗು ಅವನಿಗೆ ಗೊತ್ತಿತ್ತು. ಸಾರಿನಲ್ಲಿ ಕೂದಲು ಸಿಕ್ಕಿತೆಂದು ಗಿರಾಕಿ ಹತ್ತು ಜನರೆದುರು ಕೂಗಾಡುವಾಗ ಗಲ್ಲೆಯ ಹಿಂದೆ ನಿಂತು ತಾನು ನಗುವ ನಗು ಅದು. ದಿನವೂ ಕನ್ನಡಿಯಿಲ್ಲದೆ ಮಾಡುವ ಕೆಲಸ. ಅದನ್ನು ಹೊರಗಿನಿಂದ ಅವನು ಈವರೆಗೆ ನೋಡಿರಲಿಲ್ಲ. ಶೀಲಾವತಿ ಮಾತ್ರ ನಕ್ಕಿರಲಿಲ್ಲ. ಕೈಚೀಲದ ಜಿಪ್ಪನ್ನು ಎಳೆಯುತ್ತ, ಹಾಕುತ್ತ ಕೂತಿದ್ದಳು. 'ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ' ಎಂದು ಕಾಂತಪ್ಪ ಕೂತ. ಭರ್ಜರಿ ಚಪ್ಪಾಳೆ. ಪಕ್ಕದಿಂದ ಡಾಕ್ಟರ್ ಹರಿಣಿ ಅವನನ್ನು ಒಂದು ಕ್ಷಣ ನೋಡಿ, ಏನೋ ಹೇಳಲು ಹೋಗಿ, ಪ್ರಾಯೋಜಕರೆಂದು ನೆನಪಾಯಿತೋ ಏನೋ, ನೀರಿನ ಬಾಟಲಿ ತೆರೆದರು.

ಊಟಕ್ಕೆ ಬಾಳೆಲೆ ಹಾಕಿಸಿದ್ದ. ಸಂಪ್ರದಾಯ ಇರಲಿ ಎಂದು. ಎಂದಿನಂತೆ ಅವನು ಬಡಿಸುವವರ ಹಿಂದೆ ನಿಂತ. ಅವನ ಹೋಟೆಲಿನ ಶರಣ ಸಾರಿನ ಬಕೆಟ್ಟು ಹಿಡಿದು ಸಾಲು ಹಾಯುತ್ತಿದ್ದ. 'ಶರಣಾ, ಆ ಕಡೆ ಹಪ್ಪಳ ಬರ್ಲಿಲ್ಲ,' ಎಂದು ಕೂಗುವಾಗ ಅಂಗಿಯ ತುದಿ ಯಾರೋ ಎಳೆದರು. ವಿಜೇತಾ. ಒಂದು ಎಲೆಯ ಮುಂದೆ ಕೂತು, ಪಕ್ಕದ ಎಲೆಯ ಮೇಲೆ ಕೈಯಿಟ್ಟು ಜಾಗ ಹಿಡಿದಿದ್ದಳು.

'ಕೂತ್ಕೊಳ್ಳಿ ಪಪ್ಪಾ.'

'ನೀನು ತಿನ್ನು ಮಗಾ, ನಾನು ನೋಡ್ತೇನೆ,' ಎಂದ. ಇದನ್ನು ಅವನು ಮನೆಯಲ್ಲಿ ದಿನವೂ ಹೇಳುತ್ತಿದ್ದ.

'ಇವತ್ತು ಉಲ್ಟಾ. ನೀವು ತಿನ್ನಿ, ನಾನು ನೋಡ್ತೇನೆ,' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕದ ಪ್ರಶ್ನೆ ಕೇಳುವ ಹಾಗಿತ್ತು. 'ಸೀರಿಯಸ್ಲಿ, ನೀವು ಊಟ ಮಾಡೋದು ನಾನು ಕಭೀ ನೋಡೇ ಇಲ್ಲ.'

ಎದುರು ಸಾಲಿನಿಂದ ಅನಿಲಕುಮಾರರಿಗೆ ಅದು ಕೇಳಿಸಿತು. 'ಹೌದಲ್ರಿ! ಇಷ್ಟ್ ವರ್ಷ ಆತು, ನಾವೂ ನೋಡಿಲ್ರಿ! ಏ ಕೂಡ್ರಿಸ್ರಿ ಅಧ್ಯಕ್ಷರನ್ನ. ತಮ್ಮ ಅಡಗಿ ತಾವ ತಿನ್ನಂಗಿಲ್ಲ ಅಂದ್ರ ಏನೋ ಹಾಕ್ಯಾರ ಇದರಾಗ!' ಮತ್ತೆ ನಗೆ. ಯಾರೋ ಅವನ ಭುಜ ಒತ್ತಿ ಕೂರಿಸಿದರು. ಇನ್ಯಾರೋ ಮೊಬೈಲು ಎತ್ತಿದರು. ಕಾಂತಪ್ಪನೂ ನಕ್ಕ. ನಗುವಾಗ ಮೊದಲು ತುಟಿ ಅಗಲವಾದದ್ದು, ಕಣ್ಣು ಅತ್ತಿತ್ತ ಅಳೆದದ್ದು, ಕೆನ್ನೆ ಅಲ್ಲಾಡದೆ ಉಳಿದದ್ದು, ಎಲ್ಲವೂ ಅವನಿಗೆ ಒಂದೊಂದಾಗಿ ತಿಳಿಯಿತು.

ಅನ್ನ ಕಲಸಿ ತುತ್ತು ಬಾಯಿಗಿಟ್ಟ. ಇಡೀ ಸಾಲು ನೋಡುತ್ತಿತ್ತು. ತನ್ನ ದವಡೆ ಎಷ್ಟು ಸದ್ದು ಮಾಡುತ್ತದೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಬಾಯೊಳಗಿನದು ಅನ್ನವಾಗಿರಲಿಲ್ಲ, ಒದ್ದೆ ಬಟ್ಟೆಯಾಗಿತ್ತು, ಅಗಿದಷ್ಟೂ ಬೆಳೆಯಿತು. ತುಟಿಯ ಪಕ್ಕ ಅಗುಳು ಅಂಟಿದೆಯೇ, ಗಲ್ಲದ ಮೇಲೆ ಸಾರು ಇಳಿಯುತ್ತಿದೆಯೇ, ಹೊಟ್ಟೆ ಎಲೆಯ ಮೇಲೆ ಬಂದಿದೆಯೇ. ಇಷ್ಟು ವರ್ಷ ಸಾವಿರಾರು ಜನ ಉಣ್ಣುವುದನ್ನು ನೋಡಿದವನಿಗೆ ಈಗ ತನ್ನ ಮುಖವೇ ಎಂಜಲು ತಟ್ಟೆಯಾಗಿ, ಎಲ್ಲರೂ ಅದನ್ನು ಬಗ್ಗಿ ಓದುತ್ತಿರುವ ಹಾಗೆ ಅನ್ನಿಸಿತು. ನೀರು ಕುಡಿದು ನೂಕಿದ. ಇಳಿಯಲಿಲ್ಲ. ಕೆಮ್ಮುವಂತೆ ಮಾಡಿ ಕರವಸ್ತ್ರಕ್ಕೆ ಬಾಯಿ ಒರೆಸಿದಾಗ ತುತ್ತು ಅದರೊಳಗೆ ಹೋಯಿತು. 'ಸರ್, ನಿಧಾನ. ಮೈಂಡ್‌ಫುಲ್ ಆಗಿ ಅಗಿಯಿರಿ,' ಎಂದರು ಆ ಬದಿಯಿಂದ ಡಾಕ್ಟರ್ ಹರಿಣಿ, ಎರಡನೆಯ ಗೋಳಿಬಜೆ ಮುರಿಯುತ್ತ. ಮೊಬೈಲು ಎತ್ತಿದವರಿಗೆ ಫೋಟೋ ಸಿಕ್ಕಿತು. ಅಷ್ಟರಲ್ಲಿ ಜಿಲೇಬಿ ಬಂದದ್ದರಿಂದ ಸಾಲಿನ ಕಣ್ಣುಗಳೆಲ್ಲ ಆ ಕಡೆ ಹೋದವು. ವಿಜೇತಾಳ ಕಣ್ಣು ಮಾತ್ರ ಹೋಗಲಿಲ್ಲ.

ಕಾಂತಪ್ಪ ಎಲೆ ನೋಡಿದ. ಬೆಟ್ಟದಷ್ಟು ಅನ್ನ. ಅವನ ಬೆರಳುಗಳು ಯಾರೂ ಹೇಳಿಕೊಡದೆ ಕೆಲಸಕ್ಕೆ ತೊಡಗಿದವು: ಅನ್ನವನ್ನು ಹಿಚುಕಿ, ಸಾರಿನಲ್ಲಿ ಕಲಸಿ, ಎಲೆಯ ಅಂಚಿಗೆ ಒತ್ತಿ, ತೆಳ್ಳಗೆ ಸವರುತ್ತ. ಅರ್ಧ ಸವರಿದ ಮೇಲೆ ತಾನು ಮಾಡುತ್ತಿರುವುದೇನೆಂದು ಕಂಡು ಕೈ ನಿಂತಿತು. ಮಗಳ ಕಡೆ ನೋಡಲಾಗಲಿಲ್ಲ.

'ಹಾಗಲ್ಲ ಪಪ್ಪಾ,' ಎಂದು ಅವಳು ತುಂಬ ಮೆಲ್ಲಗೆ, ತುಟಿ ಅಲ್ಲಾಡಿಸದೆ ಹೇಳಿದಳು. 'ಅಂಚಿಗೆ ಹಾಕಿದ್ರೆ ಗೊತ್ತಾಗ್ತದೆ. ಹಪ್ಪಳದ ಕೆಳಗೆ ಹಾಕ್ಬೇಕು.' ಉದ್ದ ತೋಳಿನೊಳಗಿಂದ ಅವಳ ಬೆರಳುಗಳು ಬಂದವು. ಬಳೆ ನಿಲ್ಲದ, ಗಂಟುಗಂಟಾದ ಮಣಿಕಟ್ಟು ಒಂದು ಕ್ಷಣ ಹೊರಗೆ ಬಂತು. ಅನ್ನದ ರಾಶಿಯನ್ನು ಒಂದೇ ಸಲಕ್ಕೆ ಅತ್ತ ತಳ್ಳಿ, ಅವನ ಹಪ್ಪಳವನ್ನು ಅದರ ಮೇಲೆ ಮುಚ್ಚಿ, ಅದರ ಮೇಲೆ ಪಲ್ಯದ ನಾಲ್ಕು ಕಾಳು ಉದುರಿಸಿದಳು. ಮೂವತ್ತು ವರ್ಷ ಎಂಜಲು ಓದಿದವನು ಕೂಡ ಉಂಡ ಎಲೆ ಎನ್ನಬೇಕು. 'ಈಗ ಮಡಚಿ. ಜಲ್ದಿ.' ಅವಳದು ಆಗಲೇ ಮಡಚಿಯಾಗಿತ್ತು. ಯಾವಾಗ ಮಡಚಿದಳೋ ಅವನು ನೋಡಿರಲಿಲ್ಲ. ನೋಡುವ ಕೆಲಸ ಇಂದು ಅವನದಾಗಿರಲಿಲ್ಲ. ಮದುವೆಯೂಟ ಎಂದರೆ ಇವಳು ಯಾಕೆ ಯಾವ ತಕರಾರೂ ಇಲ್ಲದೆ ಬರುತ್ತಾಳೆಂಬುದು ಅವನಿಗೆ ಈಗ ಹೊಳೆಯಿತು.

ಶರಣ ಎಲೆ ಎತ್ತುತ್ತ ಸಾಲಿನ ಆ ತುದಿಯಿಂದ ಬರುತ್ತಿದ್ದ. ಕಾಂತಪ್ಪ ಎದ್ದು ಎರಡೂ ಎಲೆಗಳನ್ನು ತಾನೇ ಎತ್ತಿಕೊಂಡ. ಒಂದು ಕೈಗೆ ಒಂದು. ಮಡಚಿದ ಎಲೆಗಳು ಕೈಯಲ್ಲಿ ಜೋತುಬಿದ್ದವು. ಎರಡೂ ಒಂದೇ ಭಾರ.

'ಅಯ್ಯ, ನೀವ್ಯಾಕ ಸಾವ್ಕಾರ್‍ರ? ಕೊಡ್ರಿಲ್ಲಿ,' ಎಂದು ಶರಣ ಓಡಿ ಬಂದ.

'ಇರ್ಲಿ ಬಿಡು,' ಎಂದು ಕಾಂತಪ್ಪ ಬಕೆಟ್ಟಿನ ಕಡೆ ನಡೆದ. ಹಿಂದಿನಿಂದ 'ನೋಡ್ರಿ ವಿನಯ ಅಂದ್ರ ಇದು' ಎಂದು ಅನಿಲಕುಮಾರ ಯಾರಿಗೋ ಹೇಳುವುದು ಕೇಳಿಸಿತು.

ಕೈ ತೊಳೆಯುವಲ್ಲಿ ವಿಜೇತಾ ಪಕ್ಕದ ನಲ್ಲಿಗೆ ಬಂದಳು. ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತರು. ಅವಳ ಮಣಿಕಟ್ಟಿನ ಮೇಲೆ ನೀರು ಬೀಳುತ್ತಿತ್ತು. ಡಾಕ್ಟ್ರನ್ನು ಒಟ್ಟಿಗೇ ಕೇಳುವ ಎಂದಿದ್ದ ಮಾತು ಈಗ ಅವನಿಗೆ ಜಾಣತನದ್ದೆಂದು ಕಾಣಲಿಲ್ಲ. ಕ್ಷಮಿಸು ಎಂಬ ಮಾತು ಅವನ ಮೆನುವಿನಲ್ಲಿ ಇರಲಿಲ್ಲ.

'ಹೋಟೆಲಿನ ಹಿಂದೆ ಸಿಲಿಂಡರ್ ಹತ್ತಿರ ಸ್ವಲ್ಪ ಜಾಗ ಉಂಟು,' ಎಂದ ಕೊನೆಗೆ, ಗೋಡೆಗೆ. 'ನಾನು ಅಲ್ಲಿಯೇ ತಿನ್ನುದು. ಗೋಡೆ ನೋಡಿಕೊಂಡು. ಅಲ್ಲಿಗೆ ಯಾರೂ ಬರುದಿಲ್ಲ. ನಾನೂ ಗೋಡೆಯನ್ನೇ ನೋಡುದು. ನಿನ್ನನ್ನು ನೋಡುದಿಲ್ಲ.'

ಅವಳು ನಲ್ಲಿ ನಿಲ್ಲಿಸಿದಳು. ತೋಳನ್ನು ಮತ್ತೆ ಬೆರಳವರೆಗೆ ಎಳೆದುಕೊಂಡಳು.

'ನಾಳೆ?' ಎಂದಳು ಆಮೇಲೆ.

'ನಾಳೆ.'

'ತಟ್ಟೆ ಚೆಕ್ ಮಾಡೋದಿಲ್ಲ.'

'ಇಲ್ಲ.'

'ಜೋಕ್ ಕೂಡ ಇಲ್ಲ.'

'ಇಲ್ಲ ಮಗಾ,' ಎಂದ ಕಾಂತಪ್ಪ. ಹೇಳಿ ಮುಗಿಸುವುದರೊಳಗೆ ಒಂದು ತಮಾಷೆ, ಆ ಇಕ್ಕಟ್ಟು ಜಾಗದ ಬಗ್ಗೆ, ಈಗ ಅಲ್ಲಿ ಇಬ್ಬರೂ ಹಿಡಿಸುತ್ತೇವೆ ಎನ್ನುವಂಥದ್ದು, ಬಹಳ ಒಳ್ಳೆಯದು, ತಾನಾಗಿ ಹುಟ್ಟಿ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಬಾಯಿ ಮುಚ್ಚಿದ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಆ ಮಧ್ಯಾಹ್ನ ಅವನು ನುಂಗಿದ್ದು ಅದೊಂದನ್ನೇ.